ಮೂರು ಓವಲ್ ಕಲ್ಲು, ಒಂದು ಉಂಗುರ: ಬಳ್ಳಾರಿಯ ಒಂದು ಪ್ರಕರಣ

ವಜ್ರದ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಜನ ಹುಡುಕುವುದು ‘ಕಟ್’, ಅಂದರೆ ಕಲ್ಲನ್ನು ಎಷ್ಟು ಚೆನ್ನಾಗಿ ಕೊಯ್ದಿದ್ದಾರೆ ಎಂಬ ಸಾಲನ್ನು. ದುಂಡು ವಜ್ರವಾದರೆ ಆ ಸಾಲು ಸಿಗುತ್ತದೆ. ವಜ್ರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಜಿಐಎ ಸಂಸ್ಥೆ 2006ರಿಂದ ದುಂಡು ಬ್ರಿಲಿಯಂಟ್‌ಗಳಿಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆ ಕೊಡುತ್ತ ಬಂದಿದೆ. ಈ ಪ್ರಕರಣದ ಮೂರು ಕಲ್ಲುಗಳೂ ಓವಲ್. ಮೂರರ ಪತ್ರವೂ ಜಿಐಎಯದ್ದೇ, ಮೂರರಲ್ಲೂ ಪಾಲಿಶ್ ಇದೆ, ಸಿಮೆಟ್ರಿ ಇದೆ, ಬಣ್ಣ, ಶುದ್ಧತೆ, ಅಳತೆ ಎಲ್ಲ ಇದೆ. ಕಟ್ ಮಾತ್ರ ಇಲ್ಲ. ಇಡೀ ತಕರಾರು ಹುಟ್ಟಿದ್ದು ಅಲ್ಲಿಂದ.

ಕುಟುಂಬ ಸಿರುಗುಪ್ಪ ಕಡೆಯದು, ಭತ್ತದ ಒಕ್ಕಲುತನ. ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್. ನಿಶ್ಚಿತಾರ್ಥದಲ್ಲಿ ಹುಡುಗಿಗೆ ತೊಡಿಸಲು ಒಂದು ಕ್ಯಾರೆಟ್ ಓವಲ್ ವಜ್ರದ ಉಂಗುರ ಬೇಕಿತ್ತು. ಬಳ್ಳಾರಿಯ ಅಂಗಡಿಯವರು ಸೂರತ್ತಿನಿಂದ ಮೂರು ಕಲ್ಲುಗಳನ್ನು ಜಾಂಗಡ್ ಮೇಲೆ ತರಿಸಿಟ್ಟರು. ಒಪ್ಪಿಗೆಯಾದದ್ದಕ್ಕೆ ದುಡ್ಡು, ಒಪ್ಪದ್ದು ವಾಪಸ್ಸು. ಮೂರರ ಬೆಲೆಯಲ್ಲೂ ಎದ್ದು ಕಾಣುವ ಅಂತರವಿತ್ತು. ಅಂಗಡಿಯವರು ದುಬಾರಿಯದ್ದನ್ನು ಮುಂದೆ ತಳ್ಳುತ್ತಿದ್ದಾರೆಂದು ಮಗನಿಗೆ ಗುಮಾನಿ. ಹೊರಗಿನವರೊಬ್ಬರು ನೋಡಿ ಹೇಳಲಿ ಎಂದು ನನ್ನನ್ನು ಕರೆಸಿದರು. ನನ್ನ ಕೂಲಿ ಕುಟುಂಬದಿಂದ, ಅಂಗಡಿಯಿಂದ ಏನೂ ಇಲ್ಲ. ಈ ಕೆಲಸದಲ್ಲಿ ಇದನ್ನು ಮೊದಲೇ ಹೇಳಿಬಿಡಬೇಕು.

ಮಗ ಬರುವಾಗಲೇ ಲ್ಯಾಪ್‌ಟಾಪಿನಲ್ಲಿ ಒಂದು ಕೋಷ್ಟಕ ತಂದಿದ್ದ. ಓವಲ್‌ಗೆ ಆಳ (ಅಗಲಕ್ಕೆ ಹೋಲಿಸಿದರೆ ಕಲ್ಲಿನ ಎತ್ತರ) ಶೇ. 58ರಿಂದ 62, ಟೇಬಲ್ (ಮೇಲಿನ ಚಪ್ಪಟೆ ಮುಖ) ಶೇ. 53ರಿಂದ 60, ಉದ್ದ-ಅಗಲದ ಪ್ರಮಾಣ 1.35ರಿಂದ 1.45. ಅದರೊಳಗೆ ಬಂದರೆ ಹಸಿರು, ಹೊರಗೆ ಹೋದರೆ ಕೆಂಪು. ಇಂಥ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಪೂರ್ತಿ ಸುಳ್ಳೂ ಅಲ್ಲ. ಕಲ್ಲುಗಳ ಲೆಕ್ಕ ಹೀಗಿತ್ತು.

ಒಂದನೆಯದು 1.01 ಕ್ಯಾರೆಟ್, 8.10 × 5.70 × 3.45 ಮಿ.ಮೀ. ಆಳ ಶೇ. 60.5, ಟೇಬಲ್ ಶೇ. 58, ಬಣ್ಣ ಎಫ್ (ಅಕ್ಷರ ಮುಂದೆ ಹೋದಷ್ಟೂ ಹಳದಿ ಛಾಯೆ ಹೆಚ್ಚು), ಶುದ್ಧತೆ ವಿಎಸ್1 (ಒಳದೋಷ ಬಹಳ ಸಣ್ಣದು). ಪಾಲಿಶ್, ಸಿಮೆಟ್ರಿ ಎರಡೂ ಎಕ್ಸಲೆಂಟ್. ಕೋಷ್ಟಕದಲ್ಲಿ ಸಾಲಿಡೀ ಹಸಿರು. ಮೂರರಲ್ಲಿ ಅತಿ ದುಬಾರಿ.

ಎರಡನೆಯದು 1.02 ಕ್ಯಾರೆಟ್, 7.60 × 5.60 × 3.78. ಆಳ ಶೇ. 67.5, ಟೇಬಲ್ ಶೇ. 57, ಬಣ್ಣ ಜಿ, ವಿಎಸ್1.

ಮೂರನೆಯದು 1.00 ಕ್ಯಾರೆಟ್, 7.78 × 5.72 × 3.55. ಆಳ ಶೇ. 62.1, ಟೇಬಲ್ ಶೇ. 60, ಬಣ್ಣ ಎಚ್, ವಿಎಸ್2, ಸಿಮೆಟ್ರಿ ವೆರಿ ಗುಡ್. ಆಳದ ಮನೆ ಕೂದಲೆಳೆಯಲ್ಲಿ ಕೆಂಪಾಗಿತ್ತು. ಎಲ್ಲಕ್ಕಿಂತ ಅಗ್ಗ.

“ಒಂದನೇದು ತಗೊಳ್ಳೋದು ಅಂತ ಆಗೈತಿ ಸರ್, ನೀವು ಒಂದ್ಸಲ ಹೂಂ ಅಂದ್ರೆ ಸಾಕು,” ಅಂದ ಮಗ. ತಾಯಿ ಏನೂ ಹೇಳಲಿಲ್ಲ. ಅವರು ಕೋಷ್ಟಕ ನೋಡುತ್ತಿರಲಿಲ್ಲ, ಟ್ರೇ ನೋಡುತ್ತಿದ್ದರು.

ಎರಡನೇ ಕಲ್ಲನ್ನು ಬದಿಗಿಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾಗದ ಉಪಯೋಗಕ್ಕೆ ಬರುವುದು ಇಂಥ ಕಡೆಯೇ. ಆಳ ಶೇ. 67.5 ಅಂದರೆ ತೂಕ ಕೆಳಗೆ ಹೊಟ್ಟೆಯಲ್ಲಿ ಕೂತಿದೆ, ಮೇಲಿನಿಂದ ಕಾಣುವ ಮುಖಕ್ಕೆ ಬಂದಿಲ್ಲ. ಮೇಲಿನಿಂದ ಕಾಣುವ ವಿಸ್ತೀರ್ಣ ಲೆಕ್ಕ ಹಾಕಿದರೆ ಒಂದನೇ ಕಲ್ಲು ಸುಮಾರು 36.3 ಚದರ ಮಿ.ಮೀ., ಮೂರನೆಯದು 35, ಎರಡನೆಯದು 33.4. ಎರಡನೆಯದರ ತೂಕ ಮೂರರಲ್ಲೇ ಹೆಚ್ಚು, ಕಾಣುವುದು ಮಾತ್ರ ಎಲ್ಲಕ್ಕಿಂತ ಚಿಕ್ಕದು. ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ, ಹಿಡಿದು ಬದಿಯಿಂದ ನೋಡಿದರೆ ಸೊಂಟದ ಪಟ್ಟಿ, ಅಂದರೆ ಗರ್ಡಲ್, ದಪ್ಪಗೆ ಇತ್ತು. ಒಂದು ಕ್ಯಾರೆಟ್ ಗಡಿ ದಾಟಿಸಲೆಂದೇ ಕೊಯ್ಯುವವರು ಅಲ್ಲಿ ತೂಕ ಉಳಿಸಿಕೊಂಡಿದ್ದರು. ಉಳಿದವು ಎರಡು.

ಮುಂದೆ ಹೋಗುವ ಮೊದಲು ಎರಡನ್ನೂ ತೊಳೆಸಿದೆ. ಇದು ಔಪಚಾರಿಕತೆ ಅಲ್ಲ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಅಂಟುತ್ತದೆ. ಗಣಿಗಳಲ್ಲಿ ಪುಡಿ ಅದಿರಿನಿಂದ ವಜ್ರ ಬೇರ್ಪಡಿಸಲು ಗ್ರೀಸ್ ಬಳಿದ ಮೇಜಿನ ಮೇಲೆ ಹರಿಸುತ್ತಿದ್ದದ್ದು ಇದೇ ಗುಣವನ್ನು ನಂಬಿ. ಟ್ರೇಯಲ್ಲಿದ್ದ ಕಲ್ಲುಗಳು ಆಗಲೇ ನಾಲ್ಕಾರು ಕೈ ದಾಟಿದ್ದವು. ಕೆಳಮುಖಗಳ, ಅಂದರೆ ಕಲ್ಲಿನ ಕೆಳಭಾಗದಲ್ಲಿ ಕೊಯ್ದ ಮುಖಗಳ, ಮೇಲೆ ಬೆರಳ ಜಿಡ್ಡು ಕೂತರೆ ಒಳಗಿಂದ ಬೆಳಕು ಸೋರಲು ದಾರಿಯಾಗುತ್ತದೆ, ಒಳ್ಳೇ ಕಲ್ಲೂ ಮಂಕಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಚಿಮಟದಲ್ಲಷ್ಟೇ ಹಿಡಿಯಬೇಕು.

ಎರಡನೇ ಕೆಲಸ, ದೀಪದ ಕೆಳಗಿಂದ ಎದ್ದು ಹೋಗುವುದು. ಅಂಗಡಿಯ ಚಾವಣಿಯಲ್ಲಿ ಸಣ್ಣ ಸಣ್ಣ ಎಲ್ಇಡಿ ಸ್ಪಾಟ್ ದೀಪಗಳು ಇರುತ್ತವಲ್ಲ, ಅವು ಕಿಡಿ ತೋರಿಸಲು ಮಾಡಿದವು. ಬಿಂದುವಿನಂಥ ದೀಪ ಎಷ್ಟಿದ್ದರೆ ಅಷ್ಟು ಮಿಂಚು, ಅಷ್ಟು ಬಣ್ಣದ ಚೂರು. ಆ ಬೆಳಕಿನಲ್ಲಿ ಎರಡೂ ಕಲ್ಲು ಥಳಥಳ. ಹಾಗಂತ ಬಳ್ಳಾರಿಯ ಬಿಸಿಲಿಗೆ ಒಯ್ದರೆ ಇನ್ನೊಂದು ಮೋಸ. ನೆತ್ತಿ ಸುಡುವ ನೇರ ಬಿಸಿಲಿನಲ್ಲಿ ವಜ್ರದ ಮೈ ಕಪ್ಪಗೆ ಕಾಣುತ್ತದೆ, ನಡುನಡುವೆ ಕಣ್ಣು ಚುಚ್ಚುವ ಕಿಡಿ ಹಾರುತ್ತದೆ. ಕಣ್ಣಿನ ಪಾಪೆ ಕಿರಿದಾಗಿರುವುದರಿಂದ ಉಳಿದ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ಕಲ್ಲಿನ ಬೆಳಗು, ಅಂದರೆ ಅದು ಒಟ್ಟು ಎಷ್ಟು ಬಿಳಿ ಬೆಳಕನ್ನು ಕಣ್ಣಿಗೆ ಮರಳಿಸುತ್ತದೆ ಎಂಬುದು ಗೊತ್ತಾಗುವುದು ನೆರಳಿನಲ್ಲಿ, ಆಕಾಶದ ಹರಡಿದ ಬೆಳಕಿನಲ್ಲಿ. ಅಂಗಡಿಯ ಹಿತ್ತಲಲ್ಲಿ ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ಕುರ್ಚಿ ಹಾಕಿಸಿದೆವು. ಅಂಗಡಿ ಹುಡುಗ ಬಾಗಿಲ ಬಳಿಯೇ ಕಾವಲು ನಿಂತ, ಅದು ಅವನ ಕೆಲಸ.

ಮರದ ನೆರಳಿಗೆ ಬಂದ ಕೂಡಲೇ ಎರಡೂ ಕಲ್ಲು ತಮ್ಮ ತಮ್ಮ ಬಣ್ಣ ಬಯಲು ಮಾಡಿದವು. ಒಂದನೆಯದರ ಎರಡು ತುದಿ ಚೆನ್ನಾಗಿ ಬೆಳಗುತ್ತಿದ್ದವು. ನಟ್ಟನಡುವೆ ಅಡ್ಡಕ್ಕೆ, ಎರಡೂ ಬದಿಗೆ ಅಗಲವಾಗುತ್ತ ಹೋಗುವ ಕಪ್ಪು ಪಟ್ಟಿ. ವ್ಯಾಪಾರದಲ್ಲಿ ಇದಕ್ಕೆ ಬೋ-ಟೈ ಅನ್ನುತ್ತಾರೆ. ಮೂರನೆಯದರಲ್ಲೂ ಅದು ಇತ್ತು, ತೆಳ್ಳಗೆ.

“ಎರಡಕ್ಕೂ ಐತಲ್ಲ ಸರ್. ವಿಡಿಯೊದಾಗಂತೂ ಮೂರನೇದ್ರ ಬೋ-ಟೈ ಇನ್ನೂ ದೊಡ್ಡದು,” ಅಂದ ಮಗ. ಮಾರುವವರು ಕಳಿಸಿದ್ದ ಸುತ್ತು ವಿಡಿಯೊ ಮೊಬೈಲಲ್ಲಿ ತೋರಿಸಿದ. ನಿಜ, ಅದರಲ್ಲಿ ಮೂರನೇ ಕಲ್ಲಿನ ನಡುವೆ ಕರಿ ಚಿಟ್ಟೆ ಕೂತಂತೆ ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಓವಲ್ ಕೊಳ್ಳುವವರು ಎಡವುವುದು ಇಲ್ಲೇ.

ದುಂಡು ವಜ್ರದಲ್ಲಿ ನಡುವಿನಿಂದ ಅಂಚಿಗೆ ಎಲ್ಲ ದಿಕ್ಕಿನಲ್ಲೂ ದೂರ ಒಂದೇ. ಹಾಗಾಗಿ ಕೆಳಮುಖಗಳ ಇಳಿಜಾರು ಒಂದೇ ಕೋನದಲ್ಲಿ ಇರಬಹುದು. ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಲೆಕ್ಕ ಹಾಕಿ ಹೇಳಿದ 40.75 ಡಿಗ್ರಿಯಂಥ ಒಂದು ಸಂಖ್ಯೆಗೆ ಅರ್ಥ ಬರುವುದು ಅದರಿಂದಲೇ. ಓವಲ್‌ನಲ್ಲಿ ಹಾಗಿಲ್ಲ. ನಮ್ಮ ಮೂರನೇ ಕಲ್ಲನ್ನೇ ತೆಗೆದುಕೊಳ್ಳಿ: ನಡುವಿನಿಂದ ಅಗಲದ ಅಂಚಿಗೆ 2.86 ಮಿ.ಮೀ., ಉದ್ದದ ತುದಿಗೆ 3.89. ಇಳಿಯಬೇಕಾದ ಆಳ ಮಾತ್ರ ಎರಡೂ ಕಡೆ ಅದೇ. ಆದ್ದರಿಂದ ಅಗಲದ ಕಡೆ ಇಳಿಜಾರು ಕಡಿದು, ಉದ್ದದ ಕಡೆ ಸಪಾಟು. ಒಂದೇ ಕಲ್ಲಿನೊಳಗೆ ಕೋನಗಳು ಬದಲಾಗುತ್ತ ಹೋಗುತ್ತವೆ, ಪತ್ರದಲ್ಲಿ ಅವು ಯಾವುವೂ ಬರೆದಿರುವುದಿಲ್ಲ. ಆಳ ಶೇ. 60.5 ಎಂಬ ಒಂದೇ ಸಂಖ್ಯೆಯ ಹಿಂದೆ ಚೆನ್ನಾಗಿ ಕೊಯ್ದ ಕಲ್ಲೂ ಅಡಗಬಹುದು, ಕೆಟ್ಟದ್ದೂ ಅಡಗಬಹುದು. ಅದಕ್ಕೆಂದೇ ನಾನು ಫ್ಯಾನ್ಸಿ ಆಕಾರದ, ಅಂದರೆ ದುಂಡಲ್ಲದ ಕಲ್ಲುಗಳ, ಅಂಕಿಗಳನ್ನು ಕಲ್ಲು ಬಿಡಲು ಬಳಸುತ್ತೇನೆ, ಆರಿಸಲು ಬಳಸುವುದಿಲ್ಲ.

ವಜ್ರದ ವಕ್ರೀಭವನ ಸೂಚ್ಯಂಕ 2.417. ಅದರ ಫಲ ಏನೆಂದರೆ, ಒಳಗಿನ ಕಿರಣ ಒಂದು ಮುಖಕ್ಕೆ ಲಂಬರೇಖೆಯಿಂದ 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಪೂರ್ತಿ ಒಳಕ್ಕೇ ತಿರುಗುತ್ತದೆ, ಕಡಿಮೆ ಓರೆಯಾದರೆ ಬಹುಪಾಲು ಹೊರಗೆ ಹಾರಿಹೋಗುತ್ತದೆ. ಮೇಲಿನಿಂದ ಹೊಕ್ಕ ಬೆಳಕು ಕೆಳಗೆ ಒಂದು ಮುಖಕ್ಕೆ, ಆಮೇಲೆ ಎದುರಿನ ಮುಖಕ್ಕೆ ಬಡಿದು ಮೇಲಕ್ಕೆ ಬರಬೇಕು. ಎರಡು ಕಡೆಯೂ ಈ ಪರೀಕ್ಷೆ ಪಾಸಾಗಬೇಕು. ಫೇಲಾದ ಜಾಗ ಸೋರುವ ಜಾಗ. ವ್ಯಾಪಾರದ ಮಾತಿನಲ್ಲಿ ಕಿಟಕಿ. ಅದರ ಮೂಲಕ ಕೆಳಗಿರುವ ಬೆರಳು ಕಾಣುತ್ತದೆ.

ಬೋ-ಟೈ ಬಹುತೇಕ ಬೇರೆ ಜಾತಿಯ ಕಪ್ಪು. ನಡುವಿನ ಆಜೂಬಾಜಿನ ಮುಖಗಳು ನೆಟ್ಟಗೆ ಮೇಲಿನಿಂದ ಬರುವ ಬೆಳಕನ್ನು ಕಣ್ಣಿಗೆ ಮರಳಿಸುತ್ತವೆ. ನೆಟ್ಟಗೆ ಮೇಲೆ ಏನಿದೆ? ನೋಡುವವರ ತಲೆ. ಅಲ್ಲಿ ಕಾಣುವ ಕಪ್ಪು ನಮ್ಮದೇ ತಲೆಯ ಪ್ರತಿಬಿಂಬ. ಕ್ಯಾಮೆರಾ ಆದರೆ ಇನ್ನೂ ಹತ್ತಿರ, ಅದರ ಲೆನ್ಸಿನ ಸುತ್ತ ಕಪ್ಪು. ಹಾಗಾಗಿ ವಿಡಿಯೊದಲ್ಲಿ ಬೋ-ಟೈ ಸಾಮಾನ್ಯವಾಗಿ ಊದಿಕೊಂಡೇ ಕಾಣುತ್ತದೆ.

ತಲೆಯ ನೆರಳೋ, ಬೆಳಕಿನ ಸೋರಿಕೆಯೋ ಎಂದು ಬೇರ್ಪಡಿಸಲು ಯಂತ್ರ ಬೇಕಿಲ್ಲ. ಕಲ್ಲನ್ನು ಸ್ಪ್ರಿಂಗ್ ಉಂಗುರಕ್ಕೆ ಸಿಕ್ಕಿಸಿ ಮಗನ ಕೈಗೆ ಕೊಟ್ಟು, ಮೊದಲು ಗೇಣುದೂರದಲ್ಲಿ ಹಿಡಿಯಲು ಹೇಳಿದೆ. ಆಮೇಲೆ ಮೆಲ್ಲಗೆ ತೋಳು ಪೂರ್ತಿ ಚಾಚಲು ಹೇಳಿದೆ. ತಲೆ ದೂರವಾದಂತೆ ಅದು ಮರೆಮಾಡುವ ಆಕಾಶ ಕಡಿಮೆಯಾಗುತ್ತದೆ, ತಲೆಯ ನೆರಳಾದರೆ ಕಪ್ಪು ಸಣ್ಣಗಾಗಬೇಕು. ಮೂರನೇ ಕಲ್ಲಿನಲ್ಲಿ ಹಾಗೇ ಆಯಿತು. ತೋಳು ಚಾಚುವಷ್ಟರಲ್ಲಿ ಪಟ್ಟಿ ಎರಡು ಮೂರು ಚೂರಾಗಿ ಒಡೆದು, ನಡುನಡುವೆ ಬಿಳಿ ತುಂಬಿಕೊಂಡಿತು. ಕೈಯನ್ನು ಕೊಂಚ ಎಡಕ್ಕೆ, ಬಲಕ್ಕೆ ಅಲ್ಲಾಡಿಸಿದರೆ ಕಪ್ಪಿದ್ದ ಕಡೆ ಬಿಳಿ, ಬಿಳಿ ಇದ್ದ ಕಡೆ ಕಪ್ಪು. ಈ ಅದಲುಬದಲಿಯೇ ಜೀವ. ಪೂರ್ತಿ ಬಿಳಿಯಾಗಿ ಬೆಳಗುವ ಕಲ್ಲು ನೋಡಲು ಚಪ್ಪೆ. ಕಪ್ಪು-ಬಿಳುಪು ಪಕ್ಕಪಕ್ಕ ಇದ್ದಾಗಲೇ ಕಣ್ಣಿಗೆ ಮಿಂಚು ಅನ್ನಿಸುವುದು. ಬೋ-ಟೈ ಒಂಚೂರೂ ಇಲ್ಲದ ಓವಲ್ ಬೇಕೆಂದು ಹಟ ಹಿಡಿಯುವವರಿಗೆ ಕೊನೆಗೆ ಸಿಗುವುದು ಐಸ್ ಪುಡಿ ತುಂಬಿದಂಥ ಕಲ್ಲು. ಅದನ್ನೇ ಮೆಚ್ಚುವವರೂ ಇದ್ದಾರೆ, ನನಗೆ ಸೇರುವುದಿಲ್ಲ.

ಒಂದನೇ ಕಲ್ಲನ್ನು ಅದೇ ರೀತಿ ದೂರ ಹಿಡಿಸಿದೆ. ಪಟ್ಟಿ ಅಂಚಿನಲ್ಲಿ ತುಸು ಸೊರಗಿತು, ನಡುವಿನ ಭಾಗ ಕದಲಲಿಲ್ಲ. ಎಡಕ್ಕೆ ತಿರುಗಿಸಿದರೂ ಕಪ್ಪು, ಬಲಕ್ಕೆ ತಿರುಗಿಸಿದರೂ ಬೂದು. ಆಮೇಲೆ ಬಿಳಿ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಕಲ್ಲನ್ನು ಮುಖ ಮೇಲಾಗಿ ಅದರ ಮೇಲೆ ಹಿಡಿದೆ. ಟೇಬಲಿನ ಕೆಳಗೆ, ಕಪ್ಪು ಪಟ್ಟಿಯ ಎರಡೂ ಮಗ್ಗುಲಿಗೆ, ಗೆರೆಯ ಕೆಂಪು ಮುರಿದು ಮುರಿದು ಇಣುಕುತ್ತಿತ್ತು. ಮಗ ಬಗ್ಗಿ ನೋಡಿದ, ಮೂರನೇದನ್ನೂ ಗೆರೆಯ ಮೇಲೆ ತಾನೇ ಹಿಡಿದು ನೋಡಿದ. ಅದರಲ್ಲಿ ಕೆಂಪು ಕಂಡದ್ದು ಒಂದು ತುದಿಯ ಹತ್ತಿರ ಸಾಸಿವೆಯಷ್ಟು.

“ಎಕ್ಸಲೆಂಟ್ ಎಕ್ಸಲೆಂಟ್ ಅಂತ ಎರಡು ಸಲ ಬರ್ದಾರಲ್ಲ ಸರ್ ಇದಕ್ಕ?”

ಬರೆದಿದ್ದಾರೆ, ಸುಳ್ಳೇನಲ್ಲ. ಪಾಲಿಶ್ ಅಂದರೆ ಮುಖಗಳ ಮೇಲ್ಮೈ ನುಣುಪು. ಸಿಮೆಟ್ರಿ ಅಂದರೆ ಎಡ-ಬಲ, ಮೇಲೆ-ಕೆಳಗೆ ಆಕಾರ ಹೊಂದಿದೆಯೇ, ಮುಖಗಳು ಒಂದಕ್ಕೊಂದು ಸರಿಯಾಗಿ ಕೂಡಿವೆಯೇ ಎಂಬುದು. ತಪ್ಪು ಕೋನವನ್ನು ಎರಡೂ ಬದಿಗೆ ಒಂದೇ ಥರ, ನುಣ್ಣಗೆ ಕೊಯ್ದರೆ ಎರಡೂ ಕಡೆ ಎಕ್ಸಲೆಂಟ್ ಬರಲು ಅಡ್ಡಿಯೇನಿಲ್ಲ. ಇದನ್ನು ಕೇಳಿ ತಾಯಿ ಮೊದಲ ಸಲ ನಕ್ಕರು.

ಆಮೇಲೆ ಅಸೆಟ್ ತೆಗೆದೆ. ಒಂದು ಸಣ್ಣ ಕೊಳವೆ, ಒಳಗೆ ಬಣ್ಣ ಬಳಿದ ಅರ್ಧಗೋಲ. ಕಲ್ಲು ಯಾವ ಎತ್ತರದಿಂದ ಬೆಳಕು ತರುತ್ತಿದೆ ಎಂದು ಬಣ್ಣದಲ್ಲಿ ಹೇಳುತ್ತದೆ: ದಿಗಂತದಿಂದ 45 ಡಿಗ್ರಿಯವರೆಗೆ ಹಸಿರು, 45ರಿಂದ 75ರವರೆಗೆ ಕೆಂಪು, 75ರಿಂದ ನೆತ್ತಿಯವರೆಗೆ ನೀಲಿ. ಕೆಂಪು ಒಳ್ಳೆಯ ಬೆಳಕು, ಚಾವಣಿ ಮತ್ತು ಆಕಾಶದ್ದು. ಹಸಿರು ಗೋಡೆ, ನೆಲದ ಕಡೆಯ ಸಪ್ಪೆ ಬೆಳಕು. ನೀಲಿ ತಲೆಯ ನೆರಳು. ಬಿಳಿ ಹಿನ್ನೆಲೆ ಇಟ್ಟು ನೋಡುವಾಗ ಎಲ್ಲಿ ಬಿಳಿ ಕಾಣುತ್ತದೋ ಅಲ್ಲಿ ಕಲ್ಲು ಸೋರುತ್ತಿದೆ. ಒಂದನೆಯದರಲ್ಲಿ ನಡುವೆ ಅಗಲವಾದ ನೀಲಿ, ಅದಕ್ಕೆ ಅಂಟಿಕೊಂಡೇ ಬಿಳಿ ತೇಪೆಗಳು. ಮೂರನೆಯದರಲ್ಲಿ ಬಹುಪಾಲು ಕೆಂಪು, ನೀಲಿ ಚೂರುಚೂರಾಗಿ ಹರಡಿತ್ತು, ಅಂಚಿನಲ್ಲಿ ಹಸಿರು, ಒಂದು ತುದಿಯಲ್ಲಿ ಬಿಳಿ ಚುಕ್ಕೆ. ಬೇವಿನ ಮರದಡಿ ಕಂಡದ್ದನ್ನೇ ಕೊಳವೆಯೂ ಹೇಳಿತು. ಮಗನ ನಂಬಿಕೆಗೆ ಕೊಳವೆ ಬೇಕಿತ್ತು, ಅಷ್ಟೇ. ಫೋಟೊ ತೆಗೆದು ಕೋಷ್ಟಕದ ಪಕ್ಕಕ್ಕೆ ಅಂಟಿಸಿಕೊಂಡ.

ಬಣ್ಣದ ವಿಚಾರ. ಎಫ್‌ನಿಂದ ಎಚ್‌ಗೆ ಎರಡು ಮೆಟ್ಟಿಲು ಇಳಿತ, ಬೆಲೆಯ ಅಂತರದಲ್ಲಿ ದೊಡ್ಡ ಪಾಲು ಇದರದ್ದೇ. ಓವಲ್, ಪೇರ್, ಮಾರ್ಕೀಸ್‌ಗಳಲ್ಲಿ ತುದಿಗಳು ಬಣ್ಣ ಹಿಡಿದಿಡುತ್ತವೆ, ಹಾಗಾಗಿ ಎಚ್ ಓವಲ್ ಬಿಳಿ ಕಾಗದದ ಮಡಿಕೆಯಲ್ಲಿ ಬದಿಯಿಂದ ನೋಡಿದರೆ ತುದಿಯಲ್ಲಿ ಕೊಂಚ ಬೆಚ್ಚಗೆ ಕಂಡಿತು. ಮುಖದ ಕಡೆಯಿಂದ ಕಾಣಲಿಲ್ಲ. ಉಂಗುರ ಹೇಗೂ 18 ಕ್ಯಾರೆಟ್ ಹಳದಿ ಬಂಗಾರದ್ದು. ಹಳದಿ ಬಂಗಾರದ ಮೇಲೆ ಕೂಡಿಸುವ ಕಲ್ಲಿಗೆ ಎಫ್ ಬಣ್ಣಕ್ಕೆಂದು ದುಡ್ಡು ಸುರಿಯುವುದು ನನಗೆ ದಂಡ ಅನ್ನಿಸುತ್ತದೆ. ವಿಎಸ್1, ವಿಎಸ್2 ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಲ್ಲ. ಅದರ ಮೇಲೆ ಹೆಚ್ಚು ಮಾತು ಬೇಡ.

ಇಷ್ಟಾದರೂ ತಾಯಿ ಪೂರ್ತಿ ಒಪ್ಪಿರಲಿಲ್ಲ. ಅವರ ಮೂಗಿನಲ್ಲಿ ಹಳೇ ಬೇಸರಿ ಇತ್ತು, ಏಳು ಕಲ್ಲಿನದು, ಹಿಂದೆ ಮುಚ್ಚಿದ ಕಟ್ಟು. ಅದರ ಹೊಳಪಿನ ಮುಂದೆ ಈ ಹೊಸ ಕಲ್ಲು ನಿಲ್ಲುತ್ತದೆಯೇ ಎಂಬುದು ಅವರ ಪ್ರಶ್ನೆ.

“ಅಣ್ಣಾ, ನಮ್ಮತ್ತಿ ಕೊಟ್ಟಿದ್ದು ಇದು. ಸಂಜೀಕ ದೀಪ ಹಚ್ಚಿದ ಮ್ಯಾಲೆ ನೋಡ್ರಿ, ಮುಖದ ತುಂಬಾ ಬೆಳಕು ಬೀಳ್ತದ. ಇದಕ್ಕೂ ಹಿಂದ ಮುಚ್ಚಿಸಿಬಿಟ್ರ?”

ಒಳ್ಳೆಯ ಪ್ರಶ್ನೆ. ಹಳೇ ಕಾಲದ ಕಲ್ಲುಗಳನ್ನು ತೂಕ ಉಳಿಸಿ ಕೊಯ್ಯುತ್ತಿದ್ದರು, ಬಹಳಷ್ಟು ಚಪ್ಪಟೆ. ಅವು ತಾವಾಗಿ ಬೆಳಕನ್ನು ತಿರುಗಿಸಲಾರವು. ಅದಕ್ಕೇ ಪತ್ತಾರರು ಹಿಂದೆ ಬೆಳ್ಳಿಯ ತಗಡು ಇಟ್ಟು ಮುಚ್ಚುತ್ತಿದ್ದರು. ಸೋರಿದ ಬೆಳಕನ್ನು ತಗಡು ಮರಳಿಸುತ್ತಿತ್ತು. ಬೇಸರಿ ಬೆಳಗುವುದರಲ್ಲಿ ತಗಡಿನ ಪಾಲೂ ಇದೆ. ಸರಿಯಾಗಿ ಕೊಯ್ದ ಈಗಿನ ಬ್ರಿಲಿಯಂಟ್‌ಗೆ ಅದು ಬೇಡ. ಅದಕ್ಕೆ ಬರುವ ಬೆಳಕು ಮೇಲಿನಿಂದ, ಹೋಗುವುದೂ ಮೇಲಕ್ಕೇ. ಹಿಂದಿನಿಂದ ಬೆಳಕು ಬರಲೆಂದು ತೆರೆದಿಡುತ್ತಾರೆ ಎಂದು ಎಷ್ಟೋ ಅಂಗಡಿಗಳಲ್ಲಿ ಹೇಳುವುದುಂಟು, ಅದೂ ಸರಿಯಲ್ಲ. ಹಿಂದೆ ತೆರೆದಿಡುವುದರಿಂದ ಸಿಗುವ ದೊಡ್ಡ ಲಾಭವೆಂದರೆ ತೊಳೆಯಲು ದಾರಿ. ರೊಟ್ಟಿ ಬಡಿಯುವ, ಒಗ್ಗರಣೆ ಹಾಕುವ ಕೈಯ ಉಂಗುರವಾದರೆ ಆ ದಾರಿ ಬೇಕೇ ಬೇಕು. ಇದನ್ನು ಹೇಳಿದ ಮೇಲೆ ಅವರು ಮೂರನೇ ಕಲ್ಲನ್ನು ಕೈಗೆ ತೆಗೆದುಕೊಂಡು ಎಡಗೈಯಿಂದ ಮರೆಮಾಡಿ, ಬರಿ ಬೆಳಗಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಒಂದನೆಯದನ್ನು. “ಇದ್ರ ಹೊಟ್ಟಿ ಸತ್ತೈತಿ,” ಅಂದರು. ಅಸೆಟ್ ಕೊಳವೆ ಹೇಳಿದ್ದೂ ಅದನ್ನೇ.

ಒಳಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಮತ್ತೊಮ್ಮೆ ನೋಡಿದೆವು. ಮನೆಯಲ್ಲಿ ಉಂಗುರ ಹೆಚ್ಚು ಹೊತ್ತು ಕಾಣುವುದು ಆ ಬೆಳಕಿನಲ್ಲೇ. ಅಲ್ಲಿಯೂ ಮೂರನೆಯದು ಗೆದ್ದಿತು. ಸ್ಪಾಟ್ ದೀಪದ ಕೆಳಗೆ ಎರಡೂ ಸಮ, ಬಹುಶಃ ಒಂದನೆಯದರ ತುದಿಗಳೇ ಒಂದು ಕೈ ಮೇಲು. ಅಂಗಡಿಯಲ್ಲಿ ಕೂತು ಮೊದಲ ನೋಟಕ್ಕೆ ಒಂದನೆಯದು ಚಲೋ ಅನ್ನಿಸಿದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ಅಂಗಡಿಯವರ ಮೇಲಿನ ಗುಮಾನಿಗೂ ಬುಡವಿರಲಿಲ್ಲ: ಬಣ್ಣ, ಶುದ್ಧತೆ ನೋಡಿದರೆ ಅವರು ಹೇಳಿದ ಬೆಲೆ ನ್ಯಾಯವಾಗಿಯೇ ಇತ್ತು. ಪತ್ರದಲ್ಲಿರುವ ಗುಣಕ್ಕೆ ಬೆಲೆ ಕಟ್ಟುತ್ತಾರೆ, ಪತ್ರದಲ್ಲಿ ಇಲ್ಲದ ಗುಣಕ್ಕೆ ಕಟ್ಟುವುದಿಲ್ಲ. ಫ್ಯಾನ್ಸಿ ಆಕಾರದಲ್ಲಿ ಕಣ್ಣು ಪಳಗಿದವರಿಗೆ ಸಿಗುವ ಲಾಭವೂ ಇದೇ ಸಂದಿಯಲ್ಲಿ.

ನಾಲ್ಕನೇ ಕಲ್ಲು

ಅಲ್ಲಿಗೆ ಮುಗಿಯಬೇಕಿತ್ತು. ಮಗ ಹುಡುಗಿಗೆ ಫೋಟೊ ಕಳಿಸಿದ್ದ. ಆಕೆಗೆ ಒಂದನೇ ಕಲ್ಲಿನ ನೀಳ ಆಕಾರ ಹಿಡಿಸಿತ್ತು. ಅದರ ಉದ್ದ-ಅಗಲದ ಪ್ರಮಾಣ 1.42, ಮೂರನೆಯದರದು 1.36. ಇಷ್ಟು ಅಂತರದಲ್ಲಿ ಇದು ಬೆಳಕಿಗಿಂತ ಹೆಚ್ಚಾಗಿ ರುಚಿಯ ಮಾತು. ರುಚಿಗೆ ನಾನು ಅಡ್ಡ ಬರುವುದಿಲ್ಲ. ಮೂರನೆಯದನ್ನು ಹಿಡಿದಿಟ್ಟುಕೊಂಡು, 1.40ರ ಆಸುಪಾಸಿನ, ಎಚ್ ಬಣ್ಣದ, ಆಳ ಶೇ. 63 ಮೀರದ ಕಲ್ಲು ಇದ್ದರೆ ಕಳಿಸಿ ಎಂದು ಅಂಗಡಿಯವರಿಂದ ಸೂರತ್ತಿಗೆ ಹೇಳಿಸಿದೆ. ತೂಕದ ಕೆಳಮಿತಿಯನ್ನು ಬೇಕೆಂದೇ 90 ಸೆಂಟ್, ಅಂದರೆ 0.90 ಕ್ಯಾರೆಟ್, ಅಂದೆ.

ಬಂದದ್ದು 0.93 ಕ್ಯಾರೆಟ್, 7.85 × 5.55 × 3.35. ಪ್ರಮಾಣ 1.41, ಆಳ ಶೇ. 60.4. ಬೇವಿನ ಮರದಡಿ ನೋಡಿದರೆ ಮೂರನೆಯದಕ್ಕಿಂತ ಒಂದು ಹಿಡಿ ಹೆಚ್ಚೇ ಬೆಳಗಿತು. ಕೆಂಪು ಗೆರೆ ಎಲ್ಲೂ ಇಣುಕಲಿಲ್ಲ. ಕೆಳಗಿನ ಮುಖ್ಯ ಮುಖಗಳು ಎಂಟು, ಹಾಗಾಗಿ ಕಪ್ಪು-ಬಿಳುಪಿನ ಚೂರುಗಳು ಸಣ್ಣಗೆ, ಒತ್ತೊತ್ತಾಗಿ ಮಿನುಗುತ್ತಿದ್ದವು. ಮೇಲಿನಿಂದ ಕಾಣುವ ವಿಸ್ತೀರ್ಣ ಸುಮಾರು 34.2 ಚದರ ಮಿ.ಮೀ. ಆಗಲೇ ಬಿಟ್ಟಿದ್ದ 1.02ರ ಎರಡನೇ ಕಲ್ಲಿಗಿಂತ ದೊಡ್ಡದು, ಒಂಬತ್ತು ಸೆಂಟ್ ಹಗುರ. ಕ್ಯಾರೆಟ್ ಗಡಿಯ ಕೆಳಗಿರುವುದರಿಂದ ದರವೂ ಇಳಿದಿತ್ತು. ನನ್ನ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು. ಮಗನೂ ಹೂಂ ಅಂದ.

ತಾಯಿ ಪತ್ರವನ್ನು ಕೈಗೆ ತೆಗೆದುಕೊಂಡರು. “ಇದು ಒಂದು ಕ್ಯಾರೆಟ್ ಅಲ್ಲಲ್ಲ.”

“ಅಲ್ಲ ಅಕ್ಕ. ಏಳು ಸೆಂಟ್ ಕಡಿಮಿ. ಕಣ್ಣಿಗೆ ಕಾಣೂದಿಲ್ಲ.”

“ಕಣ್ಣಿಗೆ ಕಾಣದಿದ್ರ ಬಿಡ್ರಿ, ಬೀಗರು ಬಾಯಿಬಿಟ್ಟು ಕೇಳ್ತಾರ. ಎಷ್ಟು ಅಂದ್ರ ಒಂದು ಅನ್ನಬೇಕು ನಾನು. ತೊಂಬತ್ಮೂರು ಅಂತ ಎಳೀಲಿಕ್ಕೆ ಆಗ್ತದೇನು?”

ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ. ಈ ಸೀಮೆಯಲ್ಲಿ ತೂಕದ ಗತ್ತು ಹೊಸದೂ ಅಲ್ಲ. ಅಚ್ಯುತರಾಯನ ಕಾಲದ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನೀಜ್, ಗಣಿಯಲ್ಲಿ ಸಿಕ್ಕ, ಆಗಿನ ವಜ್ರದ ತೂಕದ ಅಳತೆಯಲ್ಲಿ 20 ಮಂಗೆಲಿನ್‌ಗಿಂತ ಹೆಚ್ಚು ತೂಗುವ ಕಲ್ಲುಗಳೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕಿತ್ತು ಅನ್ನುತ್ತಾನೆ. ಅರಸನ ಪಾಲನ್ನು ಅಳೆದದ್ದು ತಕ್ಕಡಿ. ಇಂದಿಗೂ ಗುಂತಕಲ್ ಆಚೆಯ ವಜ್ರಕರೂರಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಬಗ್ಗಿ ಕಲ್ಲು ಹುಡುಕುತ್ತಾರೆ, ಸಿಕ್ಕಿತು ಎಂದು ಸುದ್ದಿಯಾದಾಗ ಮೊದಲು ಕೇಳುವುದು ಎಷ್ಟು ಕ್ಯಾರೆಟ್ ಅಂತಲೇ.

ಕೊನೆಗೆ ಹುಡುಗಿಗೆ ವಿಡಿಯೊ ಕರೆ ಹೋಯಿತು. ಎರಡೂ ಕಲ್ಲು ಬೆರಳಮೇಲಿಟ್ಟು ತೋರಿಸಿದರು. ನಾನು ಹೇಳಿದ್ದನ್ನು ಮಗ ಹೇಳಿದ, ಬೀಗರ ಮಾತನ್ನು ತಾಯಿ ಹೇಳಿದರು. ಆಕೆ ಜಾಣೆ: ಆಕಾರದ ಅಂತರ ಹಾಗೇನೂ ಕಾಣುತ್ತಿಲ್ಲ, ಅತ್ತೆಯವರಿಗೆ ಸರಿ ಅನ್ನಿಸಿದ್ದೇ ಇರಲಿ ಅಂದಳು. ಮೂರನೇ ಕಲ್ಲು ಗೊತ್ತಾಯಿತು. ನಾನು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕನೆಯದನ್ನೇ ಮೊದಲ ಆಯ್ಕೆ ಎಂದು ಹಾಕಿದ್ದೇನೆ. ಮೂರನೆಯದು ಅದಕ್ಕಿಂತ ಬಹಳ ಹಿಂದೇನೂ ಇಲ್ಲ ಎಂದೂ ಬರೆದಿದ್ದೇನೆ.

ಉಂಗುರಕ್ಕೆ ಕಲ್ಲು ಕೂಡಿಸುವ ಬಗ್ಗೆ ಎರಡು ಮಾತು ಪತ್ತಾರರಿಗೆ ಹೇಳಬೇಕಾಯಿತು. ತುದಿಯ ನೆತ್ತಿಯ ಮೇಲೆ ಪ್ರಾಂಗ್, ಅಂದರೆ ಕಲ್ಲು ಹಿಡಿಯುವ ಬಂಗಾರದ ಉಗುರು, ಬೇಡ. ನಾಲ್ಕು ಪ್ರಾಂಗ್‌ಗಳನ್ನು ಭುಜಗಳ ಮೇಲೆ, ತೆಳ್ಳಗೆ. ಸೋರುವ ಚುಕ್ಕೆ ಇದ್ದ ತುದಿಯನ್ನು ಮಣಿಕಟ್ಟಿನ ಕಡೆಗೆ ತಿರುಗಿಸಿ ಕೂಡಿಸಲು ಗುರುತು ಮಾಡಿಕೊಟ್ಟೆ, ಎದುರಿಗಿರುವವರ ಕಣ್ಣಿಗೆ ಚೆನ್ನಾಗಿ ಬೆಳಗುವ ತುದಿ ಬೀಳಲಿ ಎಂದು. ಅವರು ಒಮ್ಮೆ ನನ್ನ ಮುಖ ನೋಡಿದರು, ಹಾಗೇ ಮಾಡಿದರು. ಕೂಡಿಸುವ ಮೊದಲೂ, ಕೂಡಿಸಿದ ಮೇಲೂ ಗರ್ಡಲ್ ಮೇಲೆ ಲೇಸರಿನಲ್ಲಿ ಕೊರೆದ ಸಂಖ್ಯೆಯನ್ನು ಲೂಪ್‌ನಲ್ಲಿ ಓದಿ ಪತ್ರದ ಸಂಖ್ಯೆಗೆ ತಾಳೆ ನೋಡಿದ್ದಾಯಿತು. ಪ್ರಾಂಗ್ ಆ ಸಂಖ್ಯೆಯ ಮೇಲೆ ಕೂರದಂತೆ ಮೊದಲೇ ನೋಡಿಕೊಳ್ಳಬೇಕು, ಕೂತರೆ ಆಮೇಲೆ ಓದಲಾಗದು. ಬಂಗಾರದ ಮೇಲೆ 18 ಕ್ಯಾರೆಟ್ ಶುದ್ಧತೆ ಹೇಳುವ 750ರ ಗುರುತು, ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆಯಾದ ಎಚ್‌ಯುಐಡಿ ಎರಡೂ ಇದ್ದವು.

ತಿಂಗಳಿಗೊಮ್ಮೆ ಉಗುರುಬೆಚ್ಚನೆ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಹಿಂಭಾಗ ತಿಕ್ಕಲು ಹೇಳಿಕೊಟ್ಟೆ. ಮುಂಭಾಗ ಎಷ್ಟು ತಿಕ್ಕಿದರೂ ಪ್ರಯೋಜನ ಕಡಿಮೆ, ಜಿಡ್ಡು ಕೂರುವುದು ಹೊಟ್ಟೆಯ ಕಡೆ. ತೊಳೆಯುವಾಗ ಸಿಂಕಿನ ತೂತು ಮುಚ್ಚಿರಬೇಕು.

ಒಂದನೇ, ಎರಡನೇ ಕಲ್ಲುಗಳು ಸೂರತ್ತಿಗೆ ವಾಪಸ್ಸಾದವು. ನಾಲ್ಕನೆಯದೂ ಜಾಂಗಡ್ ಮುಗಿಯುವಷ್ಟರಲ್ಲಿ ಹೋಗಬೇಕಿತ್ತು, ಹೋಗಲಿಲ್ಲ. ಅಂಗಡಿಯವರೇ ದುಡ್ಡು ಕೊಟ್ಟು ಇಟ್ಟುಕೊಂಡು ಪದಕಕ್ಕೆ ಕೂಡಿಸಿದರು.